ಅಟ್ಟ ಯಾವಾಗ ಇಳಿಸ್ತೀರಿ?

ತಿಪಟೂರಿನ ಬಸ್ ನಿಲ್ದಾಣದಲ್ಲಿ ರಾಧಾಮಣಿಯವರನ್ನು ನೋಡಿ ಯಾರೂ ಗುರುತು ಹಿಡಿಯುವುದಿಲ್ಲ. ಬಾಯಿ ತೆರೆದು “ತುರುವೇಕೆರೆ ಬಸ್ಸು ಹೋಯ್ತಾ?” ಎಂದು ಕೇಳಿದರೆ ಮಾತ್ರ ಪಕ್ಕದವರು ತಿರುಗಿ ನೋಡುತ್ತಾರೆ. “ನೀವು ವಾಟ್ಸಾಪಲ್ಲಿ ಮಾತಾಡೋ ಪೊಲೀಸ್ ಮೇಡಂ ಅಲ್ವರಾ?” ಹೌದು ಎಂದರೆ, ಮುಖವನ್ನೊಮ್ಮೆ ನೋಡಿ, “ದನಿ ಕೇಳಿ ಇನ್ನೂ ಎತ್ತರ ಇದೀರ ಅನ್ಕಂಡಿದ್ದೆ” ಎನ್ನುವವರೂ ಉಂಟು. ರಾಧಾಮಣಿ ನಗುತ್ತಾರೆ. ಎತ್ತರದ ವಿಚಾರದಲ್ಲಿ ಇಲಾಖೆಯೂ ಒಮ್ಮೆ ಅವರನ್ನು ಎರಡೆರಡು ಸಲ ಅಳೆದು ಕೆಲಸಕ್ಕೆ ತೆಗೆದುಕೊಂಡಿತ್ತು.

ಅವರ ತವರು ಸಂಪಿಗೆ ಎಂಬ ಊರಿನ ಹತ್ತಿರದ ಒಂದು ಸಣ್ಣ ಹಳ್ಳಿ. ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರು. ಇಂಜಿನ್ನಿನ ಸದ್ದಿನ ಮೇಲೆ ಊರಿನ ಹೆಸರು ಕೂಗಿ, ಹಿಂದಿನ ಸೀಟಿನವರಿಗೂ ಕೇಳಿಸುತ್ತಿದ್ದ ಆ ಗಂಟಲು ಮಗಳಿಗೆ ಬಂತು. ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಅದೇ ಗಂಟಲಿನಿಂದಾಗಿ ಅವರನ್ನು ವೈರ್‌ಲೆಸ್ ಕೊಠಡಿಗೆ ಹಾಕಿದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾವ ಜೀಪು ಎಲ್ಲಿದೆ, ಎಲ್ಲಿಗೆ ಹೋಗಬೇಕು ಎಂದು ಹೇಳುತ್ತ ವರ್ಷಗಳು ಕಳೆದವು. ಅಲ್ಲಿ ಕಲಿತದ್ದು ಒಂದೇ ಪಾಠ: ಮಾತು ಗಿಡ್ಡವಾಗಿರಬೇಕು, ಊರಿನ ಹೆಸರು ಎರಡು ಸಲ ಬರಬೇಕು, ಕೇಳಿದವನಿಗೆ ಅನುಮಾನ ಉಳಿಯಬಾರದು.

ಆಮೇಲೆ ಕಾಲ ಬದಲಾಯಿತು. ಸುದ್ದಿಗಿಂತ ಸುಳ್ಳು ಸುದ್ದಿಯೇ ಮುಂದೆ ಓಡತೊಡಗಿದಾಗ ಮೇಲಧಿಕಾರಿಗಳು ಒಂದು ಮಾಹಿತಿ ಕೋಶ ತೆರೆದರು. ಕೋಶವೆಂದರೆ ಒಂದು ಕೋಣೆ, ಒಂದು ಕಂಪ್ಯೂಟರು, ಕಾಲು ಮುರಿದ ಒಂದು ಕುರ್ಚಿ, ಕಾಲು ಗಟ್ಟಿಯಿರುವ ಇನ್ನೊಂದು ಕುರ್ಚಿ ಮತ್ತು ರಾಧಾಮಣಿ. ಪತ್ರಿಕೆಗಳಿಗೆ ಪ್ರಕಟಣೆ ಬರೆಯುವುದು, ಕಾಣೆಯಾದವರ ಫೋಟೊ ಹಂಚುವುದು, ಜನರನ್ನು ಎಚ್ಚರಿಸುವುದು ಅವರ ಕೆಲಸ. ‘ಸದರಿ ಆಸಾಮಿಯು’ ಎಂದು ಶುರುವಾಗುತ್ತಿದ್ದ ಪ್ರಕಟಣೆಗಳನ್ನು ಹಳ್ಳಿಯಲ್ಲಿ ಯಾರೂ ಓದುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಹೇಳಬೇಕಾದ್ದನ್ನು ತಮ್ಮ ಊರಿನ ಮಾತಿನಲ್ಲೇ ಹೇಳಿ, ದನಿಯನ್ನು ರೆಕಾರ್ಡು ಮಾಡಿ, ಸುತ್ತಿನ ಮೂರು ತಾಲ್ಲೂಕಿನ ಊರೂರಿನ ಗ್ರೂಪುಗಳಿಗೆ ಕಳಿಸಿದರು. ಅದು ತಾನಾಗಿಯೇ ಓಡಿತು. ತೋಟದಲ್ಲಿ ಕಾಯಿ ಸುಲಿಯುವವರು ಫೋನನ್ನು ಬುಟ್ಟಿಯ ಮೇಲಿಟ್ಟುಕೊಂಡು ಕೇಳಿದರು. ಬೋರ್‌ವೆಲ್ಲಿನ ಮೋಟರ್ ಕಟ್ಟುವ ಅವರ ಗಂಡನ ಅಂಗಡಿಗೆ ಬಂದ ಗಿರಾಕಿಗಳು, ಅಲ್ಲಿನ ಫೋನಿನಿಂದ ಕೇಳುತ್ತಿರುವುದು ಆತನ ಹೆಂಡತಿಯ ದನಿಯೆಂದು ಗೊತ್ತಿಲ್ಲದೆ, “ಈವಮ್ಮ ಹೇಳಿದ್ರೆ ಸರಿ ಇರ್ತದೆ ಕಣ್ರೀ” ಎಂದರು.

ಕಳೆದ ವರ್ಷ ಕೊಬ್ಬರಿ ಕಳ್ಳತನ ಶುರುವಾದಾಗ, ಆ ‘ಸರಿ ಇರ್ತದೆ’ ಎಂಬ ಮಾತೇ ಅವರಿಗೆ ಮುಳುವಾಯಿತು.

ಈ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿದರೆ ಅದು ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಕೂತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಆಗ ಅಟ್ಟ ಇಳಿಸುತ್ತಾರೆ. ಕಾಯಿ ಸುಲಿದು, ಚಿಪ್ಪು ಒಡೆದು, ಕೊಬ್ಬರಿಯನ್ನು ಮೂಟೆ ಕಟ್ಟುತ್ತಾರೆ. ಸಿಪ್ಪೆ ನಾರಿನ ಕಾರ್ಖಾನೆಗೆ ಹೋಗುತ್ತದೆ, ಚಿಪ್ಪು ಇದ್ದಿಲು ಸುಡುವವರಿಗೆ. ಕಳ್ಳರು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೊಳ್ಳುವವರಂತೆ ಬಂದು ವಿಚಾರಿಸಿಕೊಂಡು ಹೋಗಿ, ಮೂಟೆ ಕಟ್ಟಿದ ಮೇಲೆ, ಮನೆಯವರು ಮದುವೆಗೋ ಮುಂಜಿಗೋ ಹೋದ ಹೊತ್ತು ನೋಡಿ ಹೊತ್ತೊಯ್ಯುತ್ತಿದ್ದರು.

ಹಾಗೆ ಮೂಟೆ ಕಳೆದುಕೊಂಡವರಲ್ಲಿ ತೋಂಟದಾರ್ಯ ಎಂಬ ಬೆಳೆಗಾರರೂ ಒಬ್ಬರು. ಸಿಟ್ಟಿನ ಮನುಷ್ಯ. ದೂರು ಕೊಡಲು ಬಂದಾಗ ರಾಧಾಮಣಿಯವರ ಎದುರು ಕೂತು, “ಬಂದಿದ್ದೋನು ಬೇರೆ ಏನೂ ಕೇಳ್ಲಿಲ್ಲ ಮೇಡಂ. ಅಟ್ಟ ಯಾವಾಗ ಇಳಿಸ್ತೀರಿ ಅಂದ. ನಾನೂ ಬಾಯಿಬಿಟ್ಟು ಹೇಳ್ದೆ. ಬಿಳೀ ಗೂಡ್ಸ್ ಗಾಡಿ. ಕೈಗೆ ಸಿಗಲಿ ಅವ್ನು” ಎಂದಿದ್ದರು.

ರಾಧಾಮಣಿ ಆ ದಿನವೇ ದನಿ ರೆಕಾರ್ಡು ಮಾಡಿದರು. “ಕೊಬ್ಬರಿ ಬೆಳೆಯೋರೇ, ಸ್ವಲ್ಪ ಕೇಳಿಸ್ಕೊಳ್ಳಿ. ಗುರುತಿಲ್ಲದೋರು ಬಿಳೀ ಗೂಡ್ಸ್ ಗಾಡೀಲಿ ಬಂದು ಅಟ್ಟ ಯಾವಾಗ ಇಳಿಸ್ತೀರಿ ಅಂತ ಕೇಳಿದ್ರೆ ಹುಷಾರು. ಹೇಳ್ಬೇಡಿ. ತಕ್ಷಣ ನಮಗೆ ತಿಳಿಸಿ.” ಸಾಹೇಬರು ಕೇಳಿ, ಚೆನ್ನಾಗಿದೆ ಕಳಿಸಿ ಎಂದರು. ರಾಧಾಮಣಿಯವರಿಗೂ ಹಾಗೇ ಅನ್ನಿಸಿತ್ತು. ವೈರ್‌ಲೆಸ್ಸಿನ ಮಾತಿನಂತೆ ಗಿಡ್ಡವಾಗಿತ್ತು, ಯಾರಿಗೂ ಅನುಮಾನ ಉಳಿಯುವ ಹಾಗಿರಲಿಲ್ಲ.

ಮಾರನೆಯ ದಿನ ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ಕೋಶದ ಫೋನು ಬಡಿದುಕೊಂಡಿತು. ಹೊನ್ನವಳ್ಳಿಯಿಂದ ಒಳಕ್ಕೆ ಹೋಗುವ ಹುಣಸೆಕಟ್ಟೆಪಾಳ್ಯದಿಂದ ಮೋಕ್ಷಿತ್ ಎಂಬ ಯುವಕ ಮಾತಾಡುತ್ತಿದ್ದ. ದನಿಯಲ್ಲಿ ಪಂದ್ಯ ಗೆದ್ದವನ ಉತ್ಸಾಹ.

“ಮೇಡಂ, ನಿಮ್ಮ ಕಳ್ರು ಸಿಕ್ಕಿದ್ರು! ಶಂಭುಲಿಂಗಯ್ಯನೋರ ಮನೆ ಮುಂದೆ ಬಂದು ಅಟ್ಟ ಯಾವಾಗ ಇಳಿಸ್ತೀರಿ ಅಂದ್ರು. ಬಿಳೀ ಗಾಡಿ. ನೀವು ಹೇಳ್ದಂಗೇ ಮೇಡಂ, ಒಂದಕ್ಷರ ಆಚೀಚೆ ಇಲ್ಲ. ಇಬ್ರು. ಕೊಬ್ಬರಿ ಕೋಣೇಲಿ ಕೂಡಾಕಿ ಬೀಗ ಜಡಿದಿದೀವಿ. ಫೋಟೊ ಹಾಕಿದೀನಿ ನೋಡಿ.”

ಫೋಟೊದಲ್ಲಿ ನಡುವಯಸ್ಸಿನ ಗಂಡಸೊಬ್ಬ ತಲೆ ತಗ್ಗಿಸಿ ಸಿಪ್ಪೆ ರಾಶಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಹೆಂಗಸು, ತಲೆ ತಗ್ಗಿಸದೆ, ಕ್ಯಾಮೆರಾವನ್ನೇ ಗುರಾಯಿಸುತ್ತಿದ್ದಳು. ಇನ್ನೊಂದು ಫೋಟೊದಲ್ಲಿ ಗಾಡಿ. ಚಕ್ರದ ಗಾಳಿ ಬಿಟ್ಟಿದ್ದರು. ರಾಧಾಮಣಿ ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ಗಾಡಿಯ ಹಿಂಬದಿಯಲ್ಲಿ ಅಂಚಿನವರೆಗೂ ತೆಂಗಿನ ಚಿಪ್ಪು ತುಂಬಿತ್ತು.

ಚಿಪ್ಪು ಕೊಳ್ಳುವವರು. ಅಟ್ಟ ಇಳಿಸದೆ ಚಿಪ್ಪು ಎಲ್ಲಿಂದ ಬರಬೇಕು? ಅವರು ಬೇರೆ ಏನನ್ನು ಕೇಳಬೇಕಿತ್ತು?

ಅಷ್ಟು ಹೊಳೆದ ಮೇಲೆ ಉಳಿದದ್ದೂ ಒಂದರ ಹಿಂದೊಂದು ಹೊಳೆಯಿತು. ಚಿಪ್ಪಿನವರಷ್ಟೇ ಅಲ್ಲ, ಈ ಮೂರು ತಾಲ್ಲೂಕಿನಲ್ಲಿ ಆ ಪ್ರಶ್ನೆ ಕೇಳದವರು ಯಾರು? ಬ್ಯಾಂಕಿನ ಸಾಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಊಟ ಆಯ್ತಾ ಎಂದ ಮೇಲೆ ಬರುವ ಮಾತೇ ಅದು. ಹಿಂದಿನ ದಿನವಷ್ಟೇ ರಾಧಾಮಣಿಯವರ ಅತ್ತೆ ಬೀಗಿತ್ತಿಗೆ ಫೋನು ಮಾಡಿ ಕೇಳಿದ್ದರು. ಇಲ್ಲೇ ಹುಟ್ಟಿ ಬೆಳೆದ ರಾಧಾಮಣಿ, ಆ ಮಾತನ್ನು ಕಳ್ಳರ ಗುರುತು ಎಂದು ತಾವೇ ಊರಿಗೆಲ್ಲ ಸಾರಿದ್ದರು.

“ಯಾರೂ ಕೈ ಮಾಡಿಲ್ಲ ತಾನೇ?”

“ಇಲ್ಲ ಮೇಡಂ. ಆದ್ರೆ ಫೋಟೊ ಬೇರೆ ಗ್ರೂಪಿಗೂ ಹೋಗೈತೆ. ಕೊಬ್ಬರಿ ಕಳ್ಕೊಂಡೋರು, ತೋಂಟದಾರ್ಯನೋರ ಕಡೆಯೋರು, ಬೈಕಲ್ಲಿ ಬತ್ತಾವ್ರಂತೆ. ಅವ್ರು ಬರೋಗಂಟ ಬಾಗ್ಲು ತೆಗೀಬೇಡಿ ಅಂದವ್ರೆ.”

ಆ ಕಡೆಯ ಠಾಣೆಯ ಜೀಪು ಬೇರೆ ಕೆಲಸದ ಮೇಲೆ ಬೋರನಕಣಿವೆ ಕಡೆಗೆ ಹೋಗಿತ್ತು. ವೈರ್‌ಲೆಸ್‌ನಲ್ಲಿ ಕೂಗಿಸಿ ಅದನ್ನು ತಿರುಗಿಸಿದರು, ಆದರೂ ಅದು ಬರುವಷ್ಟರಲ್ಲಿ ಬೈಕುಗಳು ಊರು ತಲುಪುತ್ತಿದ್ದವು. ರಾಧಾಮಣಿ ಕುರ್ಚಿ ಬಿಟ್ಟು ಎದ್ದು ನಿಂತರು. ಕೈಯಲ್ಲಿದ್ದದ್ದು ದನಿಯೊಂದೇ. ಆ ಇಬ್ಬರನ್ನು ಬೀಗದೊಳಗೆ ಕೂರಿಸಿದ್ದೂ ಅದೇ ದನಿ.

“ಮೋಕ್ಷಿತ್, ಫೋನು ಸ್ಪೀಕರಿಗೆ ಹಾಕಿ ಶಂಭುಲಿಂಗಯ್ಯನೋರ ಹತ್ರ ಹಿಡೀರಿ.”

ಶಂಭುಲಿಂಗಯ್ಯ ಊರಿನ ಹಿರಿಯ ಬೆಳೆಗಾರ, ಬೀಗದ ಕೈ ಅವರ ಸೊಂಟದಲ್ಲಿತ್ತು. ಫೋನಿನಲ್ಲಿ ಅವರ ಸುತ್ತ ನೆರೆದ ಜನರ ಗದ್ದಲವೂ ಕೇಳುತ್ತಿತ್ತು.

“ಯಜಮಾನ್ರೇ, ಅವರು ಚಿಪ್ಪಿನೋರು. ಬಾಗಿಲು ತೆಗೀರಿ.”

“ಅದೆಂಗ್ ತೆಗೀಲವ್ವ? ನಿನ್ನೆ ನೀವೇ ತಾನೇ ಹೇಳಿದ್ದು? ಹೇಳ್ಬೇಡಿ, ತಿಳಿಸಿ ಅಂದ್ರಿ. ತಿಳಿಸಿದೀವಿ. ಈಗ ಬುಡಿ ಅಂತೀರಿ. ನಿನ್ನೆ ಮಾತಾಡಿದ್ದು ನೀವೋ, ಇವತ್ತು ಮಾತಾಡ್ತಿರೋದು ನೀವೋ?”

ಯಾರೋ ಹಿಂದಿನಿಂದ, “ದನಿ ನಕಲು ಮಾಡೋ ಮಿಷನ್ ಬಂದೈತಂತೆ ಕಣ್ಲಾ!” ಎಂದರು. ಅಪ್ಪಣೆ ಮಾಡಿದರೆ ಈ ಜನ ಬಾಗಿಲು ತೆಗೆಯುವುದಿಲ್ಲ, ಬೇಡಿಕೊಂಡರೆ ನಂಬುವುದಿಲ್ಲ ಎಂಬುದು ರಾಧಾಮಣಿಯವರಿಗೆ ಅರ್ಥವಾಯಿತು. ಬೇರೆ ದಾರಿ ಹಿಡಿದು ಕೇಳಿದರು.

“ಆಯ್ತು ಯಜಮಾನ್ರೇ. ಇವತ್ತು ಬೆಳಗ್ಗೆಯಿಂದ ಅಟ್ಟ ಯಾವಾಗ ಇಳಿಸ್ತೀರಿ ಅಂತ ನಿಮ್ಮನ್ನ ಇನ್ಯಾರಾದ್ರೂ ಕೇಳಿದ್ರಾ?”

“ಕೇಳ್ತಾರೆ. ಯಾಕ್ ಕೇಳಲ್ಲ? ಹಾಲಿನ ಡೈರಿ ಹತ್ರ ಆ ವೆಂಕಟಯ್ಯ ಕೇಳ್ದ.”

“ಅವರನ್ನೂ ಕೂಡಾಕಿದೀರಾ?”

ಗದ್ದಲ ತುಸು ತಗ್ಗಿತು. “ಅವ್ನ್ಯಾಕೆ... ಅವ್ನು ನಮ್ಮೂರೋನು ಕಣವ್ವ.”

“ಇನ್ಯಾರು ಕೇಳಿದ್ರು?”

“ಪೂಜಾರಪ್ಪ ಕೇಳ್ದ. ನಮ್ಮ ಭಾವಮೈದ ಫೋನ್ ಮಾಡಿದ್ದ, ಅವ್ನೂ...” ಶಂಭುಲಿಂಗಯ್ಯನವರ ಮಾತು ನಿಧಾನವಾಯಿತು. ಅಷ್ಟರಲ್ಲಿ ಮನೆಯೊಳಗಿಂದ ಅವರ ಹೆಂಡತಿ ಗಿರಿಜಾಂಬಿಕಾ ಹೊರಗೆ ಬಂದಿರಬೇಕು. ಅವರ ದನಿ ಸ್ಪಷ್ಟವಾಗಿ ಕೇಳಿತು. “ಎದ್ದ ತಕ್ಷಣ ನಾನೂ ಕೇಳಿದೀನಿ. ವಾರದಿಂದ ದಿನಾ ಕೇಳ್ತಿದೀನಿ, ಇವರು ಉತ್ತರ ಕೊಡ್ತಿಲ್ಲ. ನನ್ನೂ ಕೂಡಾಕ್ರಪ್ಪ. ಒಂದ್ ದಿನ ಅಡುಗೆ ಮಾಡೋದಾದ್ರೂ ತಪ್ಪಲಿ.”

ಯಾರೋ ಕಿಸಕ್ಕೆಂದರು. ಆ ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಪೂಜಾರಪ್ಪನಿಗೆ ಕೈಕೋಳ ಹಾಕಿ ಎಂದರು ಒಬ್ಬರು. ಭಾವಮೈದನ ಗಾಡಿಯೂ ಬಿಳೀದೇ ಎಂದು ಇನ್ನೊಬ್ಬರು ನೆನಪಿಸಿದರು. ರಾಧಾಮಣಿ ನಗಲಿಲ್ಲ. ನಗು ಇಳಿಯುವ ಮುಂಚೆ ಹೇಳಬೇಕಾದ್ದನ್ನು ಹೇಳಿದರು.

“ನಿನ್ನೆ ಮಾತಾಡಿದ್ದು ನಾನೇ. ತಪ್ಪು ನಂದು. ನಾವೆಲ್ಲ ದಿನಾ ಕೇಳೋ ಮಾತನ್ನೇ ಕಳ್ಳರ ಗುರುತು ಅಂದ್ಬಿಟ್ಟೆ. ಅಮ್ಮಾವ್ರೇ, ಬೀಗದ ಕೈ ನೀವು ಇಸ್ಕೊಳ್ಳಿ. ಅವರಿಬ್ಬರನ್ನೂ ಜಗಲಿ ಮೇಲೆ ನಿಮ್ಮ ಪಕ್ಕದಲ್ಲೇ ಕೂರಿಸಿ, ಕಾಫಿ ಕೊಡಿ. ತೋಂಟದಾರ್ಯನವರು ಬಂದಾಗ ಆ ಇಬ್ಬರ ಕೈಯಲ್ಲೂ ನಿಮ್ಮನೆ ಲೋಟ ಇರಬೇಕು. ನಾನು ಬರ್ತಾ ಇದೀನಿ.”

ಲೋಟದ ಮಾತನ್ನು ಅವರು ಯೋಚಿಸಿ ಆಡಿದ್ದಲ್ಲ. ಆದರೆ ಆ ಕಡೆಯ ಹಳ್ಳಿಗಳ ರೀತಿ ಅವರಿಗೆ ಗೊತ್ತು. ಕೂಡಿ ಹಾಕಿದವರ ಮೇಲೆ ಕೈ ಎತ್ತುವ ಮನುಷ್ಯ, ಶಂಭುಲಿಂಗಯ್ಯನವರ ಜಗಲಿಯಲ್ಲಿ ಕೂತು ಕಾಫಿ ಕುಡಿಯುವವರ ಮೇಲೆ ಕೈ ಎತ್ತಲಾರ.

ಸಹೋದ್ಯೋಗಿಯೊಬ್ಬರ ಬೈಕಿನ ಹಿಂದೆ ಕೂತು ಹೊರಟರು. ಹೊನ್ನವಳ್ಳಿ ದಾಟಿ ತೋಟಗಳ ನಡುವಿನ ತಗ್ಗಿಗೆ ಇಳಿಯುತ್ತಲೇ ಅವರ ಫೋನಿನ ಸಿಗ್ನಲ್ ಹೋಯಿತು. ಆ ಊರಲ್ಲಿ ಸಿಗುತ್ತಿದ್ದದ್ದು ಬೇರೆ ಕಂಪನಿಯ ಟವರು. ವೈರ್‌ಲೆಸ್ ಕೊಠಡಿಯಲ್ಲಿದ್ದಷ್ಟು ಕಾಲವೂ ಅವರು ಹೀಗೆಯೇ ಕಳೆದಿದ್ದರು. ಜೀಪನ್ನು ಕಳಿಸಿ, ಆಮೇಲೆ ಅಲ್ಲೇನಾಯಿತು ಎಂಬುದು ತಿಳಿಯದೆ ಕೂತಿರುವುದು. ಆದರೆ ಆಗ ಕಾಯುತ್ತಿದ್ದದ್ದು ಬೇರೆಯವರು ಮಾಡಿದ ಅನಾಹುತಗಳಿಗೆ. ದಾರಿಯ ಎರಡೂ ಬದಿಯ ತೆಂಗಿನ ಸಾಲು ಮುಗಿಯುವಂತೆಯೇ ಕಾಣಲಿಲ್ಲ. ಎದುರಿಗೆ ಬಂದ ಪ್ರತಿಯೊಂದು ಗೂಡ್ಸ್ ಗಾಡಿಯೂ ಬಿಳಿಯದೇ ಆಗಿತ್ತು. ಇಷ್ಟು ದಿನ ಅದು ಹೇಗೆ ತನ್ನ ಕಣ್ಣಿಗೆ ಬೀಳಲಿಲ್ಲ ಎಂದುಕೊಂಡರು.

ಊರ ಬಾಗಿಲಿಗೆ ಬಂದಾಗ ಬೈಕುಗಳು ಸಾಲಾಗಿ ನಿಂತಿರುವುದು ಕಂಡಿತು. ತೋಂಟದಾರ್ಯನವರ ಕಡೆಯವರು ಮೊದಲೇ ಬಂದಿದ್ದರು. ಜನ ಒತ್ತಾಗಿ ನಿಂತಿದ್ದರಿಂದ ಜಗಲಿ ಕಾಣಲಿಲ್ಲ. ರಾಧಾಮಣಿ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಜನರ ಆಚೆಯಿಂದ ಹೆಂಗಸಿನ ದನಿ ಬಂತು.

“ಗಾಳಿ ಬಿಟ್ಟೋನು ಯಾವೋನ್ಲಾ? ಮುಂದಕ್ಕೆ ಬಾ! ಹೊಸಾ ಗಾಡಿ ಅದು, ಪೂಜೆ ಮಾಡಿದ ಹೂ ಇನ್ನೂ ಬಾಡಿಲ್ಲ. ಬಾಯಲ್ಲಿ ಊದಿ ತುಂಬ್ಸು ಗಾಳಿಯಾ!”

ಅಷ್ಟು ಗಟ್ಟಿಯಾಗಿ ಬೈಯುವವರಿಗೆ ಏನೂ ಆಗಿಲ್ಲವೆಂದೇ ಅರ್ಥ. ರಾಧಾಮಣಿ ಅಲ್ಲೇ ನಿಂತು, ಸೊಂಟದ ಮೇಲೆ ಕೈಯಿಟ್ಟು ಉಸಿರುಬಿಟ್ಟರು. ಯಾರದೋ ಬೈಗುಳ ಕೇಳಿ ಕಣ್ಣು ಒದ್ದೆಯಾದದ್ದು ಅದೇ ಮೊದಲು ಎಂದು ಆಮೇಲೆ ಗಂಡನ ಹತ್ತಿರ ಹೇಳಿಕೊಂಡರು.

ಜನ ದಾರಿ ಬಿಟ್ಟರು. ಜಗಲಿಯ ಮೇಲೆ ಗಿರಿಜಾಂಬಿಕಾ, ಅವರ ಪಕ್ಕದಲ್ಲಿ ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈ ಬೀಸುತ್ತಿದ್ದ ರಾಮಕ್ಕ, ಅವರ ಪಕ್ಕದಲ್ಲಿ ಗಂಡ ದುರ್ಗಯ್ಯ. ಹುಳಿಯಾರಿನ ಕಡೆಯವರು. ಮೊದಲು ಬಾಡಿಗೆ ಗಾಡಿಯಲ್ಲಿ ತಮ್ಮ ಸುತ್ತಿನ ಹಳ್ಳಿಗಳಿಗಷ್ಟೇ ಹೋಗುತ್ತಿದ್ದರು. ಸ್ವಂತ ಗಾಡಿ ಬಂದ ಹುರುಪಿನಲ್ಲಿ ಈ ಕಡೆಗೆ ಮೊದಲ ಸಲ ಬಂದಿದ್ದರು. ತೋಂಟದಾರ್ಯ ಎದುರಿನ ಕಲ್ಲಿನ ಮೇಲೆ ಕೂತಿದ್ದರು. ಅವರಿಗೂ ಒಂದು ಲೋಟ ಕೊಟ್ಟಿದ್ದರು. “ಇವ್ನಲ್ಲ ಮೇಡಂ. ಆವತ್ತು ಬಂದೋನು ಹುಡುಗ, ತಲೆಗೂದ್ಲಿಗೆ ಬಣ್ಣ ಹಾಕ್ಕಂಡಿದ್ದ” ಎಂದರು, ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದವರಂತೆ.

“ಈ ಮಾತನ್ನ ಆವತ್ತೇ ಹೇಳ್ಬಾರ್ದಾಗಿತ್ತಾ ತೋಂಟದಾರ್ಯನೋರೇ?”

“ನೀವು ಕೇಳ್ಲಿಲ್ಲ.”

ಕೇಳಿರಲಿಲ್ಲ, ನಿಜ. ಒಳ್ಳೆಯ ಸಾಲು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದ್ದರು.

ರಾಮಕ್ಕ ಲೋಟ ಕೆಳಗಿಟ್ಟರು. “ನೀವೇನಾ ಆ ದನಿಯಮ್ಮ? ನಾವೂ ಕೇಳಿದ್ವಿ ನಿನ್ನೆ ನಿಮ್ಮ ಮಾತಾ. ನಾನೇ ಇವರಿಗೆ ಹೇಳ್ದೆ, ಕಳ್ರು ತಿರುಗ್ತಾವ್ರಂತೆ, ಗಾಡಿಗೆ ಬೀಗ ಹಾಕಿ ಅಂತ. ನಮ್ಮನ್ನೇ ಅಂತವ್ರೆ ಅನ್ನೋದು ಏನ್ ಗೊತ್ತು ನಮಗೆ?”

“ತಪ್ಪಾಯ್ತು ರಾಮಕ್ಕ.”

“ತಪ್ಪು ಅಂತ ಇಲ್ಲಿ ನನ್ನ ಕಿವಿಗೆ ಹೇಳಿದ್ರೆ ನಾಳೆ ಮುಂದಿನೂರಲ್ಲಿ ಬಾಗ್ಲು ಹಾಕಲ್ವಾ? ಕೆಟ್ಟದ್ದನ್ನ ಮೂರ್ ತಾಲ್ಲೂಕಿಗೆ ಹೇಳ್ತೀರಿ, ಒಳ್ಳೇದನ್ನ ಒಂದು ಜಗಲಿಗಾ?”

ರಾಧಾಮಣಿ ತಮ್ಮ ಫೋನಿಗೆ ಊರಾಚೆಯ ದಿಬ್ಬದ ಮೇಲೆ ಸಿಗ್ನಲ್ ಸಿಗುತ್ತದೆಂದು ತಿಳಿದುಕೊಂಡು, ಅಲ್ಲಿಗೆ ಹೋಗಿ ಸಾಹೇಬರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದರು. ತಿದ್ದುಪಡಿಯಲ್ಲಿ ತಪ್ಪು ಯಾರದೆಂದು ಹೇಳಬೇಕೇ ಎಂದು ಸಾಹೇಬರು ಅನುಮಾನಿಸಿದರು. ಹೇಳದಿದ್ದರೆ ಅದು ಹಿಂದಿನದರಷ್ಟು ದೂರ ಹೋಗುವುದಿಲ್ಲ ಎಂದರು ರಾಧಾಮಣಿ. “ಇಬ್ಬರೂ ಕ್ಷೇಮ ತಾನೇ? ಹಾಗಿದ್ರೆ ಹೇಳಿ” ಎಂದು ಸಾಹೇಬರು ಫೋನಿಟ್ಟರು.

ಜಗಲಿಗೆ ಮರಳಿ ಅಲ್ಲೇ ದನಿ ರೆಕಾರ್ಡು ಮಾಡಿದರು. ನಿನ್ನೆ ಹೇಳಿದ ಗುರುತು ತಪ್ಪು, ತಪ್ಪು ಮಾಡಿದ್ದು ನಾನು, ಅಟ್ಟದ ಮಾತು ಕೇಳಿದವರನ್ನೆಲ್ಲ ಹಿಡಿದರೆ ನಮ್ಮತ್ತೆಯನ್ನೂ ಹಿಡಿಯಬೇಕಾಗುತ್ತದೆ, ಯಾರ ಮೇಲೆ ಅನುಮಾನ ಬಂದರೂ ತಡೆಯಬೇಡಿ, ನಮಗೆ ಫೋನು ಮಾಡಿ. ಅಷ್ಟು ಹೇಳಿ ಮುಗಿಸುವುದರೊಳಗೆ ರಾಮಕ್ಕ ಫೋನಿಗೆ ಬಾಯಿ ಹಚ್ಚಿದರು. “ಚಿಪ್ಪಿನ ದುರ್ಗಯ್ಯನ ಗಾಡಿ ಕಣ್ರಪ್ಪೋ! ನಾನು ರಾಮಕ್ಕ. ಈ ದನಿ ಕೇಳಿಸ್ಕಳಿ, ನೆನಪಿಟ್ಕಳಿ. ಚಿಪ್ಪೇ... ಚಿಪ್ಪೋ!” ಆ ಕೂಗಿಗೆ ಹಟ್ಟಿಯ ಕೋಳಿಗಳು ಹಾರಿದವು. ರಾಧಾಮಣಿ ಅದನ್ನು ಕತ್ತರಿಸಲಿಲ್ಲ. ಇದ್ದ ಹಾಗೇ ಕಳಿಸಲು ಇಟ್ಟುಕೊಂಡರು.

ಅಷ್ಟು ಹೊತ್ತಿಗೆ ಜೀಪು ಬಂತು. ಜೀಪಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಮೋಕ್ಷಿತ್ ಎಲ್ಲಿಂದಲೋ ಪಂಪು ತಂದು, ತಲೆ ಎತ್ತದೆ, ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಪಕ್ಕದಲ್ಲೇ ರಾಮಕ್ಕ ನಿಂತಿದ್ದರು. “ಇನ್ನೊಸಿ ಹೊಡಿ. ಬಿಡೋವಾಗ ಸುಸ್ತಾಗ್ಲಿಲ್ಲ, ತುಂಬೋವಾಗ ಸುಸ್ತಾ?”

ಇಷ್ಟೂ ಹೊತ್ತು ದುರ್ಗಯ್ಯ ಒಂದು ಮಾತನ್ನೂ ಆಡಿರಲಿಲ್ಲ. ಗಾಡಿ ಹತ್ತುವ ಮುನ್ನ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಶಂಭುಲಿಂಗಯ್ಯನವರ ಎದುರು ನಿಂತರು. ಗಂಟಲು ಸರಿಮಾಡಿಕೊಂಡರು.

“ಹಂಗಾರೆ ಯಜಮಾನ್ರೇ, ಅಟ್ಟ ಯಾವಾಗ ಇಳಿಸ್ತೀರಿ?”

ಶಂಭುಲಿಂಗಯ್ಯ ಒಂದು ಕ್ಷಣ ಹೆಂಡತಿಯ ಕಡೆ ನೋಡಿದರು. “ಈ ಹುಣ್ಣಿಮೆ ಕಳೀಲಿ ಬಾರಪ್ಪ. ಚಿಪ್ಪೆಲ್ಲ ನಿಂಗೇ.”

“ವಾರದಿಂದ ನಾನು ಕೇಳಿದ್ದಕ್ಕೆ ಉತ್ತರ ಇರ್ಲಿಲ್ಲ, ಇವರಿಗೆ ಎಷ್ಟ್ ಬೇಗ ಸಿಕ್ತು ನೋಡ್ರಿ” ಎಂದರು ಗಿರಿಜಾಂಬಿಕಾ.

ಕಳ್ಳರು ಸಿಕ್ಕಿದ್ದು ಆಮೇಲೆ, ಬೇರೆಯದೇ ದಾರಿಯಲ್ಲಿ. ಅವರ ಗಾಡಿ ಆಗ ಬಿಳಿಯದಾಗಿರಲಿಲ್ಲ, ನೀಲಿ ಬಳಿದಿದ್ದರು. ಈಗ ರಾಧಾಮಣಿ ಯಾವ ಎಚ್ಚರಿಕೆಯನ್ನಾದರೂ ಕಳಿಸುವ ಮುಂಚೆ ಒಮ್ಮೆ, ಬೀದಿಯಲ್ಲಿ ಚಿಪ್ಪು ಕೊಳ್ಳುತ್ತ ಬರುವ ಹೆಂಗಸು ತಾವೇ ಎಂದುಕೊಂಡು ಅದನ್ನು ಕೇಳಿಸಿಕೊಳ್ಳುತ್ತಾರೆ.

ಆದರೆ ಆ ದಿನ ಅಷ್ಟೆಲ್ಲ ಯೋಚಿಸುವ ಚೈತನ್ಯ ಅವರಲ್ಲಿರಲಿಲ್ಲ. ಗಿರಿಜಾಂಬಿಕಾ ಬಲವಂತ ಮಾಡಿ ಹಾಕಿದ ರಾಗಿಮುದ್ದೆ, ಕಾಳಿನ ಸಾರು ಉಂಡು, ಬೈಕು ಹತ್ತಿದರು. ದಿಬ್ಬದ ಮೇಲೆ ಬರುತ್ತಲೇ ಸಿಗ್ನಲ್ ಸಿಕ್ಕಿತು. ರೆಕಾರ್ಡು ಮಾಡಿಟ್ಟ ದನಿಯನ್ನು ಕಳಿಸಿ, ಅಲ್ಲೇ ಹುಣಸೆಮರದ ಕೆಳಗೆ ಬೈಕು ನಿಲ್ಲಿಸಿಕೊಂಡು, ಅದು ಊರಿಂದ ಊರಿಗೆ ಹೋಗುವುದನ್ನು ಕಾದರು. ಸ್ವಲ್ಪ ಹೊತ್ತಿಗೆ ಫೋನು ಗುಂಯ್‌ಗುಡತೊಡಗಿತು. ಮೊದಲು ನಗುವ ಮುಖಗಳು. ಆಮೇಲೆ ಒಂದರ ಮೇಲೊಂದು ದನಿಗಳು.

“ರಾಮಕ್ಕ, ನಮ್ಮದು ಬರೋ ಸೋಮವಾರ ಇಳಿಸ್ತೀವಿ, ಗಾಡಿ ತನ್ನಿ.” “ನಮ್ಮನೇದು ಇಳಿಸಿ ಆಗೈತೆ, ಮೂಟೆ ಕಟ್ಟಿ ನಡುಮನೇಲಿ ಇಟ್ಟಿದೀವಿ, ಚಿಪ್ಪು ಹೊರಗೈತೆ.” “ನಾವು ಗುರುವಾರ ಮದುವೆಗೆ ಹೋಗ್ತೀವಿ, ಮನೇಲಿ ಯಾರೂ ಇರಲ್ಲ, ಶುಕ್ರವಾರ ಬಾರಕ್ಕ.”

ಯಾವುದನ್ನು ಗುಟ್ಟಾಗಿಡಿ ಎಂದು ನಿನ್ನೆ ಬೇಡಿಕೊಂಡಿದ್ದರೋ, ಅದನ್ನೆಲ್ಲ ಜನ ಮೂರು ತಾಲ್ಲೂಕಿಗೆ ಕೇಳುವಂತೆ ಸಾರುತ್ತಿದ್ದರು. ರಾಧಾಮಣಿ ತಲೆಯ ಮೇಲೆ ಕೈ ಹೊತ್ತರು. ಆಮೇಲೆ, ಆ ದಿನ ಮೊದಲ ಸಲ, ಜೋರಾಗಿ ನಕ್ಕರು. ಇದಕ್ಕೆ ಏನು ಹೇಳಬೇಕೆಂದು ನಾಳೆ ಯೋಚಿಸಿದರಾಯಿತು ಎಂದು ಫೋನನ್ನು ಚೀಲಕ್ಕೆ ಹಾಕಿ, “ನಡೀರಿ, ಹೋಗೋಣ” ಎಂದರು.